ಅವ್ವನ ಗುಂಗುರು ಕೂದಲು

ನಮ್ಮ ಮನೆಯಲ್ಲಿ ಗುಂಗುರು ಕೂದಲು ಇಬ್ಬರಿಗೇ, ಅವ್ವನಿಗೆ ಮತ್ತು ನನಗೆ. ಇಳಕಲ್ಲಿನ ಓಣಿಯ ಹುಡುಗಿಯರು ನನ್ನ ತಲೆಯನ್ನು ಗುಬ್ಬಿಗೂಡು ಅನ್ನುತ್ತಿದ್ದರು. ಅವ್ವನಿಗೆ ಮಾತ್ರ ಅದೇ ಚಂದ. ಹೆತ್ತವರಿಗೆ ಹೆಗ್ಗಣ ಮುದ್ದು.

ಅವ್ವ ಸೀರೆ ನೇಯುತ್ತಿದ್ದಳು. ಕೂದಲನ್ನೂ ನೂಲಿನ ಹಾಗೆಯೇ ನೋಡುತ್ತಿದ್ದಳು. ಮಗ್ಗಕ್ಕೆ ಏರಿಸುವ ಮೊದಲು ನೂಲಿಗೆ ಗಂಜಿ ಹಚ್ಚಬೇಕು, ಇಲ್ಲದಿದ್ದರೆ ಎಳೆ ಹರಿಯುತ್ತದೆ. ಹಾಗೆಯೇ ಭಾನುವಾರ, ಚಟ್ನಿಗೆಂದು ತಂದಿಟ್ಟ ಅಗಸೆ ಬೀಜದಲ್ಲಿ ಒಂದು ಹಿಡಿ ತೆಗೆದು ಕುದಿಸಿ, ಲೋಳೆಯಾದದ್ದನ್ನು ಹಳೇ ಸೀರೆಯ ತುಂಡಿನಲ್ಲಿ ಸೋಸುತ್ತಿದ್ದಳು. ಮೊದಲು ತಲೆಗೆ ನೀರು, ಆಮೇಲೆ ಆ ಲೋಳೆ, ಆಮೇಲೆ ಬೆರಳು. ಬಾಚಣಿಗೆ ಕಟ್ಟಕಡೆಗೆ, ಅದೂ ತುದಿಯಿಂದ ಮೇಲಕ್ಕೆ. ಕೂತು ಕೂತು ಬೇಸತ್ತು ನಾನು ಕತ್ತರಿ ಕೇಳಿದರೆ ಒಂದೇ ಮಾತು: "ಗಂಟಿಗೆ ಕತ್ತರಿ ಹಚ್ಚಬಾರ್ದು ಯವ್ವಾ. ನೀರ್ ಹಚ್ಚು, ತಾನಾಗೇ ಬಿಚ್ಚತೈತಿ."

ಬಾಗಲಕೋಟೆಯಲ್ಲಿ ಕೆಲಸ ಸಿಕ್ಕಿದ ವರ್ಷ ಪಾರ್ಲರಿಗೆ ಹೋಗಿ ಕೂದಲನ್ನು ನೆಟ್ಟಗೆ ಮಾಡಿಸಿಕೊಂಡು ಬಂದೆ. ಅವ್ವ ಒಮ್ಮೆ ಕೈಯಾಡಿಸಿ, "ಛಲೋ ಐತಿ ಬಿಡು" ಎಂದು ಮಗ್ಗಕ್ಕೆ ಹೋಗಿ ಕೂತಳು. ಆ ಭಾನುವಾರ ಅಗಸೆ ಕುದಿಯಲಿಲ್ಲ. ನನಗೆ ಒಂದು ಕೆಲಸ ಕಡಿಮೆಯಾಯಿತು ಅನ್ನಿಸಿತೇ ಹೊರತು ಬೇರೇನೂ ಅನ್ನಿಸಲಿಲ್ಲ. ಅಷ್ಟು ದಡ್ಡಿ ನಾನು.

ಮುಂದೆ ಅವ್ವನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ತೊದಲಿತು. ಬಾಗಲಕೋಟೆಗೆ ಕರೆತಂದು ನನ್ನ ಹತ್ತಿರವೇ ಇಟ್ಟುಕೊಂಡೆ. ಗುಳಿಗೆ, ಗಂಜಿ, ಬಟ್ಟೆ ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದೆ. ತಲೆ ಮಾತ್ರ ನಾಳೆ, ನಾಳೆ ಎಂದು ಮುಂದೆ ಹೋಗುತ್ತಿತ್ತು. ದಿಂಬಿಗೆ ಉಜ್ಜಿ ಉಜ್ಜಿ ಹಿಂದಲೆಯ ಕೂದಲು ಕಂಬಳಿಯಂತೆ ಒತ್ತಿಕೊಂಡಿತು.

ಒಂದು ಬೆಳಿಗ್ಗೆ ದವಾಖಾನೆಗೆ ಹೊರಡಬೇಕು, ಆಟೋ ಬಾಗಿಲಲ್ಲಿ ಬಂದು ನಿಂತಿದೆ. ಒಣ ಕೂದಲಿಗೇ ಬಾಚಣಿಗೆ ಹಾಕಿ ಎಳೆದೆ. ಅವ್ವ ನರಳಿದಳು. ನನಗೆ ಸಿಟ್ಟು ಬಂತು, ಅವಳ ಮೇಲೆಯೇ ಬಂತು, ಸುಳ್ಳು ಯಾಕೆ ಹೇಳಲಿ. ಅಡುಗೆಮನೆಯ ಕತ್ತರಿ ತಂದು ಕಚಕಚ ಕತ್ತರಿಸಿಬಿಟ್ಟೆ.

ಮಧ್ಯಾಹ್ನ ಮನೆಗೆ ಬಂದು ಮಲಗಿಸಿದ ಮೇಲೆ ಅವಳ ಎಡಗೈ ನಿಧಾನವಾಗಿ ಹಿಂದಲೆಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಬಹಳ ಹೊತ್ತು ತಡವಿದಳು.

"ಭಾಳ ಗಂಟಾಗಿತ್ತ ಬೇ ಯವ್ವಾ" ಎಂದೆ.

ಒಂದೊಂದೇ ಮಾತು ಕೂಡಿಸಿ ಕೇಳಿದಳು: "ನೀರ್... ಹಚ್ಚಿದ್ಯೇನ?"

"ಹಚ್ಚಿದ್ನಿ ಬೇ. ಬಿಚ್ಚಲಿಲ್ಲ."

ಅವ್ವ ನನ್ನ ಕೈ ಹಿಡಿದುಕೊಂಡಳು. "ಹಂಗಾರ ನಿಂದೇನ್ ತಪ್ಪೈತಿ... ಬಿಡು."

ಆ ತಿಂಗಳು ಮುಗಿಯುವುದರೊಳಗೆ ಅವ್ವ ಹೋದಳು. ನಾನು ಪಾರ್ಲರಿಗೆ ಹೋಗುವುದನ್ನು ಬಿಟ್ಟೆ. ಬುಡದಿಂದ ಹೊಸ ಕೂದಲು ಸುರುಳಿ ಸುರುಳಿಯಾಗಿ ಬಂದಿದೆ. ಭಾನುವಾರ ಅಗಸೆ ಕುದಿಸುತ್ತೇನೆ, ಸೋಸುತ್ತೇನೆ, ಎಂಥ ಗಂಟಿದ್ದರೂ ಮೊದಲು ನೀರು ಹಚ್ಚುತ್ತೇನೆ. ಬಿಚ್ಚುತ್ತದೆ. ಹತ್ತು ನಿಮಿಷವೂ ಹಿಡಿಯುವುದಿಲ್ಲ.