ಬಾರದೇ ಹೋದ ತೇಗು

ಮೊನ್ನೆ ವಿಟ್ಲ ಪೇಟೆಯಲ್ಲಿ ಗಾಡಿಯವನೊಬ್ಬ ಗೋಲಿ ಸೋಡಾ ಒಡೆದ. ಆ ‘ಟಪ್’ ಸದ್ದು, ಹಿಂದೆಯೇ ಲಿಂಬೆ, ಶುಂಠಿಯ ವಾಸನೆ... ನಿಂತಲ್ಲೇ ನಿಂತುಬಿಟ್ಟೆ. ಕಾಕ ಹೋಗಿ ಇಪ್ಪತ್ತು ವರ್ಷ ಆಗುತ್ತ ಬಂತಲ್ಲ!

ನಾನು ಪಾಠ ಮಾಡುತ್ತಿದ್ದ ಶಾಲೆಯ ಎದುರೇ ಅವರ ಸೋಡಾ ಅಂಗಡಿ. ನಮ್ಮ ಕಡೆಯ ಬ್ಯಾರಿ ಮುಸಲ್ಮಾನರಲ್ಲಿ ಹಿರಿಯರು, ಊರಿಗೆಲ್ಲ ಕಾಕ. ಬಾಟ್ಲಿಗೆ ಗ್ಯಾಸ್ ತುಂಬಿಸುವುದೂ ಅವರೇ. ಯಾರಿಗೆ ಹೊಟ್ಟೆನೋವು ಬಂದರೂ ಉಪ್ಪು-ಲಿಂಬೆ ಸೋಡಾ ಕುಡಿಸಿ, ತೇಗು ಬರುವವರೆಗೆ ಬೆಂಚಿನಿಂದ ಏಳಲು ಬಿಡುತ್ತಿರಲಿಲ್ಲ ಪುಣ್ಯಾತ್ಮ.

ಅವರ ಕರುಳಿನಲ್ಲಿ ಗಡ್ಡೆ ಕಾಣಿಸಿಕೊಂಡಾಗ ಮಂಗಳೂರಿನಲ್ಲಿ ಆಪರೇಷನ್ ಆಯಿತು. ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯದೆ, ಒಳಗೆ ಗ್ಯಾಸ್ ತುಂಬಿಸಿ ಉಬ್ಬಿಸಿ, ಸಣ್ಣ ತೂತುಗಳಿಂದಲೇ ಗಡ್ಡೆಯಿದ್ದ ಕರುಳಿನ ತುಂಡನ್ನು ತೆಗೆದಿದ್ದರು. ಅಂಗಡಿಗೆ ಮರಳಿದ ಕಾಕ ನಕ್ಕಿದ್ದೇ ನಕ್ಕಿದ್ದು. “ಟೀಚರೇ, ನಾನು ಬಾಟ್ಲಿಗೆ ಗ್ಯಾಸ್ ತುಂಬಿಸ್ತೇನೆ. ಡಾಕ್ಟ್ರು ನನ್ನ ಹೊಟ್ಟೆಗೇ ತುಂಬಿಸಿದ್ರು ಮಾರಾಯ್ರೆ!”

ಕೆಲವು ತಿಂಗಳ ಬಳಿಕ, ಒಂದು ಮಧ್ಯಾಹ್ನ ಹೋದರೆ ಕಾಕ ಹೊಟ್ಟೆ ಹಿಡಿದು ಬೆಂಚಿನಲ್ಲಿ ಮುದುಡಿದ್ದರು. ಪಕ್ಕದಲ್ಲಿ ಅವರ ಹೆಂಡತಿ, ಕಣ್ಣಲ್ಲಿ ನೀರು. “ಬೆಳಿಗ್ಗೆಯಿಂದ ಹೀಗೇ ಟೀಚರ್. ಆಸ್ಪತ್ರೆಗೆ ಹೋಗುವ ಅಂದ್ರೆ ಕೇಳುದಿಲ್ಲ.”

“ಅವರು ತುಂಬಿಸಿದ ಗ್ಯಾಸ್ ಸ್ವಲ್ಪ ಒಳಗೇ ಉಳ್ದುಂಟು, ಅಷ್ಟೇ,” ಎಂದರು ಕಾಕ. “ಒಂದು ತೇಗು ಬಂದ್ರೆ ಸರಿಯಾಗ್ತದೆ.”

ಎದುರಿಗೆ ಅವರೇ ಕುಡಿದಿಟ್ಟ ಖಾಲಿ ಬಾಟ್ಲಿಗಳು. ಇನ್ನೊಂದನ್ನು ಎತ್ತಿ ಗೋಲಿಗೆ ಹೆಬ್ಬೆರಳು ಒತ್ತಿದರು. ಗೋಲಿ ಜಗ್ಗಲಿಲ್ಲ. ಬೆರಳಿನಲ್ಲಿ ಬಲವೇ ಇರಲಿಲ್ಲ. “ಗ್ಯಾಸೂ ಇಲ್ಲ, ಮಣ್ಣೂ ಇಲ್ಲ, ಏಳಿ ಕಾಕ!” ಎಂದು ಗದರಿ ಜೀಪು ಕರೆಸಿದೆ.

ತಡವಾಗಿತ್ತು. ಕರುಳಿನ ತುಂಡು ತೆಗೆದು ಜೋಡಿಸಿದಲ್ಲಿ ಒಳಗೊಂದು ಸಂದು ಉಳಿದಿತ್ತಂತೆ. ಅದರೊಳಗೆ ಕರುಳು ನುಗ್ಗಿ, ಸಿಕ್ಕಿಕೊಂಡು, ರಕ್ತ ಹರಿಯದೆ ಕಪ್ಪಾಗಿತ್ತು. ಅಪರೂಪಕ್ಕೆ ಹೀಗಾಗುತ್ತದೆ, ಬೆಳಿಗ್ಗೆಯೇ ಬಂದಿದ್ದರೆ ನೋಡಬಹುದಿತ್ತು ಎಂದರು ಡಾಕ್ಟರು. ತುಂಬಿಸಿದ ಗ್ಯಾಸ್ ಎಂದೋ ಹೋಗಿರುತ್ತದೆ ಎಂದೂ ಹೇಳಿದರು. ಅದನ್ನು ಕೇಳಿ ಕಾಕನ ಹೆಂಡತಿ ನನ್ನ ಹೆಗಲಿಗೆ ಬಿದ್ದು ಅತ್ತದ್ದು... ಅಯ್ಯೋ, ಆ ಅಳು ಯಾರಿಗೂ ಬೇಡ. ಮರುದಿನ ಕಾಕ ಇರಲಿಲ್ಲ.

ಮೊನ್ನೆ ಆ ಗಾಡಿಯವನು ನನ್ನ ಮುಖ ನೋಡಿ, “ಹೊಟ್ಟೆನೋವಾ ಅಕ್ಕ? ಒಂದು ಸೋಡಾ ಕುಡಿಯಿರಿ. ತೇಗು ಬಂದ್ರೆ ಸರಿಯಾಗ್ತದೆ,” ಎಂದು ಬಾಟ್ಲಿ ಕೊಟ್ಟ. ಕಾಕನದೇ ಮಾತು. ಕುಡಿಯಲಾಗಲಿಲ್ಲ. ಬಾಟ್ಲಿ ಹಿಡಿದುಕೊಂಡು ನಡುಪೇಟೆಯಲ್ಲೇ ಅತ್ತುಬಿಟ್ಟೆ.