ಹಿಂದಿನ ಚಕ್ರಕ್ಕೆ ನಿವಾಳಿಸಿದ್ದು

ನಮ್ಮ ಯಜಮಾನರಿಗೆ ಲಕ್ವ ಹೊಡೆದು ಬಲಗೈ, ಮಾತು ಎರಡೂ ಹೋದ ಮೇಲೆ ನಾನು ಕಲಿತ ಕೆಲಸಗಳಲ್ಲಿ ಕಾರು ಓಡಿಸುವುದೂ ಒಂದು. ಅದಕ್ಕೆ ಮುಂಚೆ ಆ ಕಾರಿನ ಬಾಗಿಲನ್ನು ಸ್ವಲ್ಪ ಜೋರಾಗಿ ಹಾಕಿದರೂ ಮುಖ ಗಂಟಿಕ್ಕುತ್ತಿದ್ದರು. ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಯಂತ್ರ ರಿಪೇರಿ ಮಾಡಿಕೊಂಡಿದ್ದ ಮನುಷ್ಯ. ಮನೆಯ ಕಾರಿಗೆ ಹೊರಗಿನ ಮೆಕ್ಯಾನಿಕ್ ಕೈ ಹಾಕಿದ್ದನ್ನು ನಾನು ಕಂಡಿಲ್ಲ.

ಮಾತು ಹೋಯಿತು ಅಂದರೆ ಪೂರ್ತಿ ಹೋಗಲಿಲ್ಲ. ‘ಶಿವ ಶಿವ’ ಬರುತ್ತದೆ, ‘ಥೂ’ ಬರುತ್ತದೆ, ಅದೂ ಸ್ಪಷ್ಟವಾಗಿ. ನೀರು, ಊಟ, ನನ್ನ ಹೆಸರು ಬರುವುದಿಲ್ಲ. ಏನು ಅನ್ಯಾಯ ನೋಡಿ, ಬೈಯುವುದಕ್ಕೆ ಬರುತ್ತದೆ, ಕರೆಯುವುದಕ್ಕೆ ಬರುವುದಿಲ್ಲ. ಮೊದಮೊದಲು ಎಡಗೈಯಲ್ಲಿ ಎಲ್ಲವನ್ನೂ ತೋರಿಸುತ್ತಿದ್ದರು. ಬರುಬರುತ್ತಾ ಅದೂ ಕಡಿಮೆಯಾಯಿತು. ಮಾತು ಕಲಿಸಲು ಬರುವ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದು, ಹೇಳುವ ಆಸೆಯನ್ನೇ ಬಿಟ್ಟರೆ ಮಾತು ವಾಪಸು ಬರುವುದು ಕಷ್ಟ, ಹೇಗಾದರೂ ಮಾಡಿ ಅವರಿಂದ ಹೇಳಿಸುತ್ತಿರಿ ಎಂದಿದ್ದಳು.

ತಿ. ನರಸೀಪುರದ ತಂಗಿಯ ಮನೆಯಿಂದ ಹಿಂದಿರುಗುವಾಗ ಹಂಪು ಕಂಡಲ್ಲೆಲ್ಲ ಹಿಂದಿನ ಚಕ್ರ ಕಿರ್ರ್ ಅನ್ನತೊಡಗಿತು. ಪಕ್ಕದಲ್ಲಿ ಜೋಲು ಮೋರೆ ಹಾಕಿ ಕೂತಿದ್ದ ಇವರು ತಟ್ಟನೆ ನೆಟ್ಟಗಾದರು. ಮನೆಗೆ ಬಂದವರೇ ಸ್ಟೋರ್‌ರೂಮಿನ ಷೆಲ್ಫ್ ಕಡೆ ಕೈ ತೋರಿಸಿದರು. ನೋಡಿದರೆ, ಕಾಯಿಲೆಗೆ ಮುಂಚೆ ತಂದಿಟ್ಟಿದ್ದ ಹಿಂದಿನ ಬ್ರೇಕ್ ಪ್ಯಾಡುಗಳು. ಡಬ್ಬಿ ಒಡೆದೇ ಇರಲಿಲ್ಲ. ಆಮೇಲೆ ನನ್ನ ಎದೆಯತ್ತ ಬೆರಳು, ತಮ್ಮ ಎದೆಯತ್ತ ಬೆರಳು. ನೀನು ಮಾಡು, ನಾನು ಹೇಳ್ತೀನಿ. ಎಷ್ಟೋ ತಿಂಗಳ ಮೇಲೆ ಆ ಕಣ್ಣಿಗೆ ಜೀವ ಬಂದಿತ್ತು. ಗ್ಯಾರೇಜಿಗೆ ಬಿಟ್ಟರೆ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುವ ಕೆಲಸ ಅಂತ ಗೊತ್ತಿದ್ದೂ ನಾನು ನೈಟಿಯ ಮೇಲೆ ಅವರದೊಂದು ಹಳೇ ಶರಟು ಹಾಕಿಕೊಂಡು ಅಂಗಳಕ್ಕಿಳಿದೆ. ಬ್ರೇಕು ಹಾಳಾಗಿ ಹೋಗಲಿ, ಇವರು ಹೇಳಬೇಕು. ನನಗೆ ಬೇಕಾಗಿದ್ದದ್ದು ಅದೊಂದೇ.

ಅವರು ಕುರ್ಚಿಯಲ್ಲಿ, ನಾನು ನೆಲದಲ್ಲಿ. ಹ್ಯಾಂಡ್ ಬ್ರೇಕ್ ಇಳಿಸು ಅಂತ ತೋರಿಸಿದರು, ಇಳಿಸಿದೆ. ಮುಂದಿನ ಚಕ್ರಕ್ಕೆ ಕಲ್ಲು ಕೊಡು ಅಂತ ತೋರಿಸಿದರು, ಒಳಗಿನಿಂದ ರುಬ್ಬುವ ಗುಂಡನ್ನೇ ಹೊತ್ತು ತಂದೆ. ಜ್ಯಾಕ್ ಏರಿಸಿ, ಚಕ್ರ ಬಿಚ್ಚಿ, ಪ್ಯಾಡುಗಳನ್ನು ಹಿಡಿದುಕೊಳ್ಳುವ ಕ್ಯಾಲಿಪರ್ ಅನ್ನು ಎತ್ತಿ ತಂತಿಯಲ್ಲಿ ಕಟ್ಟಿದ್ದಾಯಿತು. ತಪ್ಪಿದಾಗ ‘ಥೂ’, ಸರಿಹೋದಾಗ ‘ಶಿವ ಶಿವ’. ಬೈಸಿಕೊಂಡು ಇಷ್ಟು ಖುಷಿಪಟ್ಟ ಹೆಂಗಸು ನಮ್ಮ ತಾಲ್ಲೂಕಿನಲ್ಲಿ ಇನ್ನೊಬ್ಬಳು ಇರಲಿಕ್ಕಿಲ್ಲ.

ಸವೆದ ಪ್ಯಾಡು ತೆಗೆದು ಹೊಸದನ್ನು ಇಟ್ಟರೆ ಕ್ಯಾಲಿಪರ್ ಕೂರುವುದಿಲ್ಲ. ಹೊಸದು ದಪ್ಪ; ಅದಕ್ಕೆ ಜಾಗ ಬೇಕೆಂದರೆ ಪ್ಯಾಡನ್ನು ತಳ್ಳುವ ಗುಂಡನೆಯ ಪಿಸ್ಟನ್ ಒಳಕ್ಕೆ ಹೋಗಬೇಕು. ಹಿಂದೊಮ್ಮೆ ಮುಂದಿನ ಚಕ್ರಕ್ಕೆ ಇವರು ಪ್ಯಾಡು ಹಾಕುವಾಗ ನಾನು ಟಾರ್ಚ್ ಹಿಡಿದಿದ್ದೆ. ಕ್ಲ್ಯಾಂಪ್ ಹಾಕಿ ಒತ್ತಿದ್ದೇ ತಡ, ಸಲೀಸಾಗಿ ಹೋಗಿತ್ತು. ನಾನೂ ಹಾಗೇ ಒತ್ತಿದೆ. ಜಪ್ಪಯ್ಯ ಅನ್ನಲಿಲ್ಲ. ಮೈಭಾರವನ್ನೆಲ್ಲ ಬಿಟ್ಟು ಒತ್ತಿದೆ. ಇವರು ‘ಥೂ, ಥೂ’ ಅನ್ನುತ್ತಾ ಎಡಗೈಯನ್ನು ಗಾಳಿಯಲ್ಲಿ ಸುತ್ತತೊಡಗಿದರು. ಸುತ್ತಿಕೊಂಡು ಆ ಕಡೆಯಿಂದ ಬಾ ಅಂತಲಾ? ಹೋಗಿ ಆ ಕಡೆ ಕೂತೆ. ಅಲ್ಲವಂತೆ. ಮತ್ತೆ ಸುತ್ತಿದರು, ಬೆರಳುಗಳನ್ನು ಒಟ್ಟು ಮಾಡಿ, ನಿಧಾನವಾಗಿ, ಮಗುವಿಗೆ ಹೇಳಿಕೊಡುವ ಹಾಗೆ. ನನ್ನ ಮಂಕುಬುದ್ಧಿಗೆ ಏನೂ ಹೊಳೆಯಲಿಲ್ಲ.

ಕಾಂಪೌಂಡಿನಾಚೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯಾಕೆ, ಹೆಡತಲೆ ಊರಿನ ಕಡೆಯವಳು, ಇದನ್ನೆಲ್ಲ ನೋಡುತ್ತಿದ್ದಳು.

“ಅಣ್ಣ ನಿವಾಳ್ಸು ಅಂತಾವ್ರೆ ಕಣಕ್ಕ,” ಅಂದಳು. “ಕಣ್ ಬೀಳ್ದೆ ಇಂಗಾಯ್ತದಾ? ಗಾಡಿಗೂ ಬಿದ್ದದೆ, ಅಣ್ಣಂಗೂ ಬಿದ್ದದೆ.”

ಅದೇ ಇರಬೇಕು ಅನ್ನಿಸಿಬಿಟ್ಟಿತು. ಆಯುಧಪೂಜೆಗೆ ನಾನು ಚಕ್ರದಡಿ ನಿಂಬೆಹಣ್ಣು ಇಡುವಾಗ ಮುಸಿಮುಸಿ ನಗುತ್ತಿದ್ದವರು ಇವರು. ಆದರೆ ಕಾಯಿಲೆ ಬಿದ್ದು ಎದ್ದ ಮೇಲೆ ಯಾರ ಮನಸ್ಸು ಯಾವ ಕಡೆ ತಿರುಗುತ್ತದೋ ಯಾರಿಗೆ ಗೊತ್ತು? ಅಂತೂ ಏನನ್ನೋ ಕೇಳಿದ್ದಾರಲ್ಲ, ಕೊಟ್ಟುಬಿಡೋಣ. ಅವಳು ನಿಂಬೆಹಣ್ಣು ತಂದಳು, ನಾನು ಉಪ್ಪು, ಒಣಮೆಣಸಿನಕಾಯಿ ತಂದೆ. ಬಿಚ್ಚಿದ ಚಕ್ರದ ಜಾಗಕ್ಕೆ ನಿವಾಳಿಸಿದೆ. ಇವರು ‘ಥೂ’ ಅಂದರು. ದೃಷ್ಟಿ ತೆಗೆಯುವಾಗ ಉಗಿಯುವುದು ಇದ್ದೇ ಇದೆ, ಸರಿಯಾಗಿಯೇ ಅಂದರು ಅಂದುಕೊಂಡೆ. ಆಮೇಲೆ ಅವರ ತಲೆಗೂ ನಿವಾಳಿಸಿದೆ. ಅವಳು ಮೆಣಸಿನಕಾಯಿ ಸುಟ್ಟಳು. ಘಾಟೇ ಬರಲಿಲ್ಲ, ಅಷ್ಟು ಕಣ್ಣು ಬಿದ್ದಿದೆ ಎಂದಳು. ಇವರ ಕೈ ನಿಂತಿತು. ಕಣ್ಣಲ್ಲಿ ನೀರು ಬಂತು. ಇಳಿಯಿತು ನೋಡಕ್ಕ ಅಂತ ಹೇಳಿ ಅವಳು ಹೋದಳು. ನನಗೂ ಮನಸ್ಸು ಹಗುರವಾಯಿತು.

ಮತ್ತೆ ಒತ್ತಿದೆ. ಪಿಸ್ಟನ್ ಅಲ್ಲೇ ಇತ್ತು. ಕೊನೆಗೆ ಫೋನಿನಲ್ಲಿ ಒಂದು ವಿಡಿಯೋ ಹಾಕಿಕೊಂಡೆ. ಹಿಂದಿ, ಅರ್ಧಂಬರ್ಧ ಅರ್ಥವಾಯಿತು. ಹಿಂದಿನ ಪಿಸ್ಟನ್ ಮುಂದಿನದರ ಹಾಗಲ್ಲ, ಹ್ಯಾಂಡ್ ಬ್ರೇಕಿನ ತಿರುಪು ಅದರೊಳಗೇ ಇರುತ್ತದೆ, ಒತ್ತಿದರೆ ಹೋಗದು, ತಿರುಗಿಸುತ್ತಾ ಕಳಿಸಬೇಕು. ಹಾಗೆ ಹೇಳುತ್ತಾ ಆ ಮನುಷ್ಯ ಬೆರಳುಗಳನ್ನು ಒಟ್ಟು ಮಾಡಿ ಗಾಳಿಯಲ್ಲಿ ಕೈ ಸುತ್ತಿ ತೋರಿಸಿದ.

ಅಯ್ಯೋ ನನ್ನ ಕರ್ಮವೇ. ಪಿಸ್ಟನ್ನಿನ ಕಚ್ಚುಗಳಿಗೆ ಇಕ್ಕಳದ ಮೂತಿ ಇಟ್ಟು ತಿರುಗಿಸಿದೆ. ಮೆಲ್ಲಗೆ ಒಳಕ್ಕೆ ಸರಿಯಿತು.

“ಇದನ್ನೇ ತಾನೇ ನೀವು ಹೇಳ್ತಿದ್ದಿದ್ದು? ಹೋಗ್ತಾ ಇದೆ ನೋಡ್ರೀ,” ಅಂದೆ.

ಅವರು ಈ ಕಡೆ ನೋಡಲಿಲ್ಲ. ಈ ಚಕ್ರ ಮುಗಿಸಿ ಆ ಬದಿಯ ಚಕ್ರಕ್ಕೆ ಹೋದೆ. ಅವರ ಕುರ್ಚಿಯನ್ನೂ ಎಳೆದು ತಂದು ಎದುರಿಗೇ ಇಟ್ಟುಕೊಂಡೆ. ಬಿಚ್ಚುವಾಗ ಇದು ಸರಿಯಾ, ಅದು ಸರಿಯಾ ಅಂತ ಗೊತ್ತಿದ್ದನ್ನೂ ಕೇಳಿದೆ. ‘ಥೂ’ ಇಲ್ಲ, ‘ಶಿವ ಶಿವ’ ಇಲ್ಲ. ಕಡೆಗೆ ಬೇಕೆಂದೇ ಹೊಸ ಪ್ಯಾಡನ್ನು ತಿರುಗುಮುರುಗು ಮಾಡಿ, ಕಬ್ಬಿಣದ ಮೈ ಚಕ್ರದ ಜೊತೆ ತಿರುಗುವ ಡಿಸ್ಕಿಗೆ ತಾಗುವ ಹಾಗೆ ಇಟ್ಟೆ. ಮೊದಲಾಗಿದ್ದರೆ ಇಂಥ ತಪ್ಪಿಗೆ ಬೀದಿಗೆಲ್ಲ ಕೇಳುವ ಹಾಗೆ ಬೈಯುತ್ತಿದ್ದರು.

“ಬೈಯ್ರೀ,” ಅಂದೆ.

ಪ್ಯಾಡನ್ನು ನೋಡಿದರು. ತಪ್ಪು ಅವರಿಗೆ ಕಂಡಿತು, ಅದು ನನಗೆ ಗೊತ್ತು. ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ರಸ್ತೆಯ ಕಡೆ ಮುಖ ತಿರುಗಿಸಿದರು.

ಸ್ವಲ್ಪ ಹೊತ್ತು ಕಾದೆ. ಆಮೇಲೆ ಪ್ಯಾಡನ್ನು ತೆಗೆದು ನಾನೇ ಸರಿಯಾಗಿ ಹಾಕಿದೆ.