ನನ್ನ ಹೆಸರಿನಲ್ಲಿ ಗುರುಪಾದಪ್ಪನವರು

ಗುರುಪಾದಪ್ಪನವರಿಗೆ ಬಾಯಿಗಿಂತ ಮೊದಲು ಕೈ ಏಳುತ್ತಿತ್ತು. ಅಂಗೈ ಅಗಲಿಸಿ ಎತ್ತಿದರೆ ನಿಲ್ಲು, ಬೆರಳು ಕೆಳಗೆ ಮಾಡಿ ತಿರುಗಿಸಿದರೆ ಇಳಿಸು. ಕಲಬುರಗಿ ಕಡೆಯಿಂದ ಬಂದು, ಪುಣೆ ಹತ್ತಿರದ ಚಾಕಣದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಕ್ರೇನಿಗೆ ಸನ್ನೆ ಮಾಡಿದ ಕೈ ಅದು. ನಿವೃತ್ತರಾದ ಮೇಲೆ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಕಟ್ಟೆಯ ಮೇಲೆ ಕೂತು, ಯಾರೂ ಕೇಳದಿದ್ದರೂ, ರಿವರ್ಸ್ ತೆಗೆಯುವ ಕಾರುಗಳನ್ನೆಲ್ಲ ನಿಲ್ಲಿಸುತ್ತಿದ್ದರು. ಬೈದ ಮೇಲೆ ಒಂದು ನಗು ನಗುತ್ತಿದ್ದರು. ಆ ನಗುವಿಗಾಗಿ ನಾವು ಬೈಗುಳ ನುಂಗಿಕೊಳ್ಳುತ್ತಿದ್ದೆವು.

ಪುಣೆ ಕನ್ನಡಿಗರ ಆನ್‌ಲೈನ್ ವೇದಿಕೆಗೆ ಅವರನ್ನು ಸೇರಿಸಿದ್ದು ನಾನೇ. ನಾನು ಅಲ್ಲಿಯ ಅಡ್ಮಿನ್. ನಲ್ಲಿ, ಫ್ರಿಜ್, ವೈರಿಂಗ್ ಎಂದು ಜನ ಕೇಳುತ್ತಾರೆ, ಬಲ್ಲವರು ಹೇಳುತ್ತಾರೆ. ಒಳ್ಳೆಯ ಉತ್ತರಕ್ಕೆ ನಕ್ಷತ್ರ ಸಿಗುತ್ತದೆ. ದೂರು ಬಂದರೆ ಹೆಸರಿನ ಪಕ್ಕ ಹಳದಿ ಚುಕ್ಕೆ. ಆಮೇಲೆ ಅವರ ಉತ್ತರ ಮಡಚಿಕೊಂಡೇ ಇರುತ್ತದೆ, ಬೇಕಾದವರು ಒತ್ತಿ ತೆರೆಯಬೇಕು. ಗುರುಪಾದಪ್ಪನವರಿಗೆ ತಿಂಗಳೊಳಗೆ ಚುಕ್ಕೆ ಬಿತ್ತು. "ಅರ್ತಿಂಗ್ ಇಲ್ಲ. ಮುಟ್ಟಬ್ಯಾಡ. ತಲಿ ಅದನೋ ಇಲ್ಲೋ" ಎಂದು ಬರೆದರೆ ಅದರಲ್ಲಿ ನಗು ಎಲ್ಲಿ ಕಾಣಬೇಕು? ಬೆಂಗಳೂರಿನಿಂದ ಬಂದ ಹುಡುಗರಿಗಂತೂ ಮೈಯೆಲ್ಲ ಉರಿಯಿತು.

"ಸ್ವಲ್ಪ ಮೆತ್ತಗ ಬರೀರಿ ಕಾಕಾ" ಅಂದೆ.

"ತಲಿ ಮ್ಯಾಲ ಎರಡು ಟನ್ ತೂಗ್ತಿರಬೇಕಾದ್ರ, ದಯವಿಟ್ಟು ಆಕಡೆ ಸರೀರಿ ಅಂತ ಯಾರು ಅಂತಾರವ್ವಾ? ಅನ್ನೋದ್ರಾಗ ಅವ ಹೋಗಿರ್ತಾನ" ಅಂದರು.

ಕಳೆದ ಚಳಿಗಾಲದಲ್ಲಿ ಯೆರವಡಾದಿಂದ ಸ್ನೇಹಾ ಎಂಬ ಹುಡುಗಿ ಬರೆದಳು: "ಬಾತ್‌ರೂಮಲ್ಲಿ ಗ್ಯಾಸ್ ಗೀಸರ್ ಇದೆ. ಚಳಿ ಅಂತ ಕಿಟಕಿಗೆ ರಟ್ಟು ಅಂಟಿಸಿದೀನಿ. ಸ್ನಾನ ಮಾಡ್ವಾಗ ತಲೆ ಸುತ್ತುತ್ತೆ, ಯಾಕೆ?" ನೂರಾರು ನಕ್ಷತ್ರಗಳ ಸಜ್ಜನರೊಬ್ಬರು, ಖಾಲಿ ಹೊಟ್ಟೆಯಲ್ಲಿ ಸ್ನಾನ ಬೇಡ, ಬಾಳೆಹಣ್ಣು ತಿನ್ನಿ ಎಂದು ಕೈಮುಗಿದು ಹೇಳಿದರು. ಗುರುಪಾದಪ್ಪನವರು, "ರಟ್ಟು ಕಿತ್ತಿ ಒಗಿ. ಈಗ. ಇಲ್ಲಂದ್ರ ಸಾಯ್ತಿ" ಎಂದರು. ಅದು ಮಡಚಿಕೊಂಡಿತು.

ಅವರು ನಮ್ಮ ಮನೆಗೇ ಬಂದರು. ಆಗಲೇ ಅವಳಿಗೆ ನಾನೇ ಬರೆದುಬಿಡಬೇಕಿತ್ತು. ಆದರೆ ಅವರ ಕೆಟ್ಟ ಹೆಸರು ಸರಿಮಾಡುವ ಹುಚ್ಚು ನನಗೆ. ನಾನು ಹೇಳಿಕೊಟ್ಟಂತೆ ಅವರು ಒಂದೇ ಬೆರಳಿನಲ್ಲಿ ಒತ್ತಿದರು: "ತಂಗಿ, ದಯವಿಟ್ಟು ಕಿಟಕಿ ತೆಗೆಯಿರಿ. ಒಳಗೆ ವಿಷಗಾಳಿ ತುಂಬುತ್ತದೆ. ನಿಮ್ಮ ಜೀವ ದೊಡ್ಡದು."

ಚುಕ್ಕೆ ಬಿದ್ದವರ ಉತ್ತರವನ್ನು ಒತ್ತಿ ತೆರೆಯುವವರು ಜಗಳ ಹುಡುಕುವವರೇ. "ಈಗ ವ್ಯಂಗ್ಯ ಬೇರೆ ಶುರು" ಎಂದು ಒಬ್ಬ ಬರೆದ. ಮತ್ತೊಬ್ಬ, ಹುಡುಗಿಯನ್ನು ಹೆದರಿಸುತ್ತಿದ್ದಾರೆ ಎಂದ. ಐದು ದೂರು ಸೇರಿದೊಡನೆ ವೇದಿಕೆ ತಾನಾಗಿಯೇ ಅವರನ್ನು ಹೊರಹಾಕಿತು. ಅಡ್ಮಿನ್ ಆದರೂ ತಡೆಯಲು ನನ್ನ ಬಳಿ ಒಂದು ಬಟನ್ನೂ ಇರಲಿಲ್ಲ. ಕೆಟ್ಟ ಹೆಸರು ಹೊತ್ತವನು ಪಾಯಸ ಬಡಿಸಿದರೂ ಜನ ಮೂಸಿ ನೋಡುತ್ತಾರೆ.

"ನೀ ಬರಿಯವ್ವಾ, ನಿನ್ನ ಹೆಸರಲೆ. ಲಗೂ" ಅಂದರು.

ಅವರು ಒತ್ತಿದ್ದನ್ನೇ ಅಕ್ಷರ ಬದಲಿಸದೆ ಬರೆದೆ. ಹತ್ತು ನಿಮಿಷದಲ್ಲಿ ರಟ್ಟು ಕಿತ್ತ ಕಿಟಕಿಯ ಫೋಟೊ ಬಂತು: "ಜೀವ ಉಳಿಸಿದ್ರಿ ಮೇಡಂ." ನಕ್ಷತ್ರಗಳು ಸುರಿದವು. ನಾಚಿಕೆಯಿಂದ ನನಗೆ ಅವರ ಮುಖ ನೋಡಲಾಗಲಿಲ್ಲ. ಅವರು ಮಾತ್ರ "ತಗದಳಲ್ಲ, ಆತು ಬಿಡು" ಎಂದು ಚಹಾ ಕೇಳಿದರು.

ಅಂದಿನಿಂದ ಅವರು ಹೇಳುವುದು, ನಾನು ಬರೆಯುವುದು. ನಾನು ದೊಡ್ಡ ತಜ್ಞೆಯಾದೆ, ಸ್ಕ್ರೂ ಯಾವ ಕಡೆ ತಿರುಗಿಸಬೇಕೆಂದು ತಿಳಿಯದಿದ್ದರೂ.

ಈ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅವರು ಏಳಲಿಲ್ಲ. ಹಿಂದಿನ ದಿನವಷ್ಟೇ ಕಟ್ಟೆಯಿಂದ ನನ್ನ ಕಾರಿಗೆ ಅಂಗೈ ಎತ್ತಿದ್ದರು. ನಿಲ್ಲಿಸಿ ಇಳಿದು ನೋಡಿದರೆ ಚಕ್ರದ ಹಿಂದೆ ನಾಯಿಮರಿ ಮಲಗಿತ್ತು. "ಕಣ್ಣು ಎಲ್ಲಿಟ್ಟಿ?" ಎಂದು ಬೈದು ನಕ್ಕಿದ್ದರು.

ಅವರು ತೀರಿಕೊಂಡ ವಾರವೇ ವೇದಿಕೆಯಲ್ಲಿ ಎಲ್ಲವನ್ನೂ ಬರೆದೆ. ಆ ಉತ್ತರಗಳೆಲ್ಲ ಗುರುಪಾದಪ್ಪನವರದು, ನೀವು ಹೊರಹಾಕಿದವರದು, ನನ್ನದು ಬೆರಳು ಮಾತ್ರ ಎಂದೆ. "ಎಷ್ಟು ದೊಡ್ಡ ಮನಸ್ಸು ಮೇಡಂ ನಿಮ್ಮದು" ಎಂದರು ಜನ. "ಒರಟರನ್ನೂ ಗೌರವಿಸುವ ನಿಮ್ಮಿಂದ ಕಲಿಯಬೇಕು" ಎಂದರು.

ನಿನ್ನೆ ಒಬ್ಬರು ಕೇಳಿದರು: "ನಮ್ಮ ಗೀಸರ್ ಅಡುಗೆಮನೆಯಲ್ಲಿದೆ, ಅಲ್ಲಿ ಕಿಟಕಿ ಚಿಕ್ಕದು. ಪರವಾಗಿಲ್ವಾ? ನೀವು ಹೇಳಿದ್ರೆ ಸಾಕು ಮೇಡಂ." ಫೋನಿನಲ್ಲಿ ಗುರುಪಾದಪ್ಪನವರ ನಂಬರ್ ತೆರೆದು, ಮುಚ್ಚಿದೆ. ನನಗೆ ಗೊತ್ತಿಲ್ಲ, ಬಲ್ಲವರನ್ನು ಮನೆಗೆ ಕರೆಸಿ ತೋರಿಸಿ ಎಂದು ಬರೆದೆ.

ಅದಕ್ಕೂ ಹನ್ನೊಂದು ನಕ್ಷತ್ರ ಬಂದವು.